ಕರಾವಳಿಯಾಚೆಯ ಕೆಸರು ಯಾವ ನದಿಯದು? ಜೇಡಿ ಖನಿಜಗಳ ಟಿಪ್ಪಣಿ

ಕಾರವಾರದಾಚೆ ಅರಬ್ಬಿ ಸಮುದ್ರದ ತಳಕ್ಕೆ ಕೊಳವೆ ಇಳಿಸಿ ಕೆಸರು ತೆಗೆದಿದ್ದಾರೆ ಅಂದುಕೊಳ್ಳಿ. ಅದು ಯಾವ ನದಿಯ ಹೂಳು? ಸುಳಿವು ಇರುವುದು 2 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳಲ್ಲಿ.

ಸಿಂಧೂ ನದಿ ಹಿಮಾಲಯದಿಂದ ಇಲೈಟ್, ಕ್ಲೋರೈಟ್ ಎಂಬ ಜೇಡಿ ಖನಿಜಗಳನ್ನು ತರುತ್ತದೆ. ಅಲ್ಲಿ ಬಂಡೆ ಪುಡಿಯಾಗುವುದೇ ಜಾಸ್ತಿ, ಕೊಳೆಯುವುದು ಕಡಿಮೆ. ನರ್ಮದಾ, ತಾಪಿ ನದಿಗಳು ದಖ್ಖನ್ ಬಸಾಲ್ಟಿನ ನಾಡಿನಿಂದ ಸ್ಮೆಕ್ಟೈಟ್ ತರುತ್ತವೆ. ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಬಿರಿಯುವುದು, ಮಳೆಗೆ ಉಬ್ಬುವುದು ಇದೇ ಖನಿಜದಿಂದ. ಶರಾವತಿ, ನೇತ್ರಾವತಿ ಕಡೆ ಹಳೆಯ ನೈಸ್ ಬಂಡೆ, ಜಂಬಿಟ್ಟಿಗೆ, ವಿಪರೀತ ಮಳೆ. ಅಲ್ಲಿಂದ ಬರುವುದು ಮುಖ್ಯವಾಗಿ ಕೆಯೊಲಿನೈಟ್.

ಗಾಜಿನ ಪಟ್ಟಿಯ ಮೇಲೆ ಜೇಡಿಯನ್ನು ತೆಳುವಾಗಿ ಒಣಗಿಸಿ ಎಕ್ಸ್-ರೇಗೆ ಒಡ್ಡುತ್ತಾರೆ. ಖನಿಜದ ಪದರಗಳ ನಡುವಿನ ಅಂತರಕ್ಕೆ ತಕ್ಕಂತೆ ನಕ್ಷೆಯಲ್ಲಿ ಶಿಖರಗಳು ಏಳುತ್ತವೆ. 14 ಆಂಗ್‌ಸ್ಟ್ರಮ್ (ಮಿಲಿಮೀಟರಿನ ಕೋಟಿಯ ಒಂದು ಪಾಲು ಒಂದು ಆಂಗ್‌ಸ್ಟ್ರಮ್) ಹತ್ತಿರ ಶಿಖರ ಕಂಡ ಕೂಡಲೇ ಹೆಸರು ಬರೆಯಬೇಡಿ. ಅದು ಸ್ಮೆಕ್ಟೈಟ್ ಇರಬಹುದು, ಕ್ಲೋರೈಟೂ ಇರಬಹುದು. ಅದೇ ಪಟ್ಟಿಗೆ ಎಥಿಲೀನ್ ಗ್ಲೈಕಾಲ್ ಆವಿ ಹಿಡಿಸಿ. ಸ್ಮೆಕ್ಟೈಟ್ ಉಬ್ಬಿ 17ಕ್ಕೆ ಸರಿಯುತ್ತದೆ, ಕ್ಲೋರೈಟ್ ಕದಲುವುದಿಲ್ಲ. 7ರಲ್ಲೂ ಇದೇ ತೊಡಕು. ಕೆಯೊಲಿನೈಟ್, ಕ್ಲೋರೈಟ್ ಎರಡೂ ಅಲ್ಲೇ ಕೂರುತ್ತವೆ. ಅವನ್ನು 3.58 ಮತ್ತು 3.54ರ ಜೋಡಿ ಶಿಖರದಲ್ಲಿ ಬೇರ್ಪಡಿಸಬೇಕು. 550 ಡಿಗ್ರಿಗೆ ಕಾಯಿಸಿದರೆ ಕೆಯೊಲಿನೈಟ್ ಶಿಖರ ಮಾಯವಾಗುತ್ತದೆ.

ಈಗ ಮುಖ್ಯ ವಿಷಯ. ಒಂದು ಪದರದಲ್ಲಿ ಕೆಯೊಲಿನೈಟ್ ಜಾಸ್ತಿ ಕಂಡರೆ 'ಆಗ ಮುಂಗಾರು ಜೋರಾಗಿತ್ತು' ಅಂತ ಸುಮ್ನೆ ಬರೆದುಬಿಡುತ್ತೇವೆ, ಅಲ್ವಾ? ಅಷ್ಟು ಸಲೀಸಲ್ಲ. ಅಂಥ ಮಣ್ಣು ತಯಾರಾಗಲು ಬಹಳ ದೀರ್ಘ ಕಾಲ ಬೇಕು. ನೂರಿನ್ನೂರು ವರ್ಷಗಳ ಮಳೆಯ ಏರಿಳಿತ ಅದರಲ್ಲಿ ಮೂಡುವುದಿಲ್ಲ. ಜೊತೆಗೆ ಕೆಯೊಲಿನೈಟ್ ಉಪ್ಪುನೀರು ತಾಗಿದೊಡನೆ ಗಂಟುಕಟ್ಟಿ ದಡದ ಹತ್ತಿರವೇ ಇಳಿಯುತ್ತದೆ. ಸ್ಮೆಕ್ಟೈಟ್ ದೂರ ತೇಲುತ್ತದೆ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ದಡವೇ ಹತ್ತಿರ ಬಂದಾಗ ಮಳೆ ಹೆಚ್ಚದಿದ್ದರೂ ಕೆಯೊಲಿನೈಟ್ ಹೆಚ್ಚಬಹುದು.

ಅದಕ್ಕೇ ನಿಯೋಡಿಮಿಯಂ ಧಾತುವಿನ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಬೇಕು. ಬಂಡೆ ಕೊಳೆತರೂ ಅದರ ಅನುಪಾತ ಅಷ್ಟಾಗಿ ಬದಲಾಗುವುದಿಲ್ಲ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್‌ನಲ್ಲಿ ಎಪ್ಸಿಲಾನ್ ಮೌಲ್ಯ (ಆ ಅನುಪಾತವನ್ನು ಒಂದು ಮಾನದಂಡಕ್ಕೆ ಹೋಲಿಸಿದ ಅಂಕಿ) ಸೊನ್ನೆಗಿಂತ ತುಂಬಾ ಕೆಳಗೆ. 6.6 ಕೋಟಿ ವರ್ಷಗಳ ದಖ್ಖನ್ ಬಸಾಲ್ಟಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೇಲೆ. ಹಿಮಾಲಯದ ಹೂಳು ನಡುವೆ. ಸ್ಟ್ರಾಂಷಿಯಂ ಕೂಡ ಅಳೆಯುತ್ತಾರೆ. ಆದರೆ ಮೊದಲು ತೆಳು ಅಸಿಟಿಕ್ ಆಮ್ಲದಲ್ಲಿ ಚಿಪ್ಪಿನ ಸುಣ್ಣ ಕರಗಿಸಿ ತೆಗೆಯಬೇಕು. ಇಲ್ಲದಿದ್ದರೆ ಸಮುದ್ರದ ನೀರಿನ ಸ್ಟ್ರಾಂಷಿಯಂ ಬೆರೆತು ಲೆಕ್ಕ ಕೆಡುತ್ತದೆ.

ಕೆಯೊಲಿನೈಟ್ ಏರಿದ ಪದರದಲ್ಲೇ ನಿಯೋಡಿಮಿಯಂ ಮೌಲ್ಯ ಇನ್ನಷ್ಟು ಇಳಿದರೆ, ಹತ್ತಿರದ ನದಿಗಳ ಪಾಲು ಹೆಚ್ಚಿದೆ ಅಂತಷ್ಟೇ ಹೇಳಿ. ಮೌಲ್ಯ ಇದ್ದಲ್ಲೇ ಇದ್ದರೆ ಕಣದ ಗಾತ್ರ ನೋಡಿ. ಅದೂ ಬದಲಾಗಿಲ್ಲದಿದ್ದರೆ ಹವಾಮಾನದ ಮಾತು ಎತ್ತಬಹುದು.