ತಾಳೆ ಎಣ್ಣೆ ಮಿಲ್ಲಿನ ಹೊಂಡಕ್ಕೆ ಹುಳಿ ಹತ್ತಿದಾಗ

ತಾಳೆ ಎಣ್ಣೆ ಮಿಲ್ಲಿನ ಕೊಳಕು ನೀರನ್ನು ಕೊಳೆಸಿ ಶುದ್ಧ ಮಾಡುವ ಹೊಂಡಗಳನ್ನು ಸರಿಪಡಿಸುವುದು ನನ್ನ ಕೆಲಸ. ಮಳೆಗಾಲದಲ್ಲಿ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ತರ. "ಸರ್, ಹೊಂಡ ನೊರೆ ಕಾರ್ತಿದೆ, ಗ್ಯಾಸ್ ನಿಂತೋಗಿದೆ, ವಾಸನೆ ತಡೆಯೋಕಾಗ್ತಿಲ್ಲ." ಹೋಗಿ ಪಿಎಚ್ ನೋಡಿದರೆ ಐದೂವರೆ, ಅಂದರೆ ಹುಳಿ (ಏಳಾದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ).

ಕೊಯ್ದ ತಾಳೆ ಗೊನೆಯನ್ನು 24 ಗಂಟೆಯೊಳಗೆ ಬೇಯಿಸಬೇಕು, ಇಲ್ಲದಿದ್ದರೆ ಎಣ್ಣೆ ಕೆಡುತ್ತದೆ. ಆಂಧ್ರ, ತೆಲಂಗಾಣದಲ್ಲಿ ಗೊನೆ ಜಾಸ್ತಿ ಬರುವುದು ಮಳೆಗಾಲದಲ್ಲೇ. ಒಂದು ಟನ್ ಎಣ್ಣೆ ತೆಗೆದರೆ ಎರಡೂವರೆ ಟನ್‌ನಷ್ಟು ಕಂದು ಬಗ್ಗಡ ಹೊರಬೀಳುತ್ತದೆ, 80 ಡಿಗ್ರಿಗೂ ಮೇಲಿನ ಬಿಸಿಯಲ್ಲಿ. ಅದರಲ್ಲಿ ವಿಷವೇನಿಲ್ಲ, ಎಣ್ಣೆ ತೆಗೆಯಲು ಯಾವ ರಾಸಾಯನಿಕವನ್ನೂ ಹಾಕಿರುವುದಿಲ್ಲ. ಆದರೆ ಬಿಒಡಿ, ಅಂದರೆ ಕೊಳೆಯುವಾಗ ಅದು ನೀರಿನಿಂದ ಹೀರುವ ಆಮ್ಲಜನಕದ ಅಳತೆ, ಲೀಟರಿಗೆ 25,000 ಮಿಲಿಗ್ರಾಂ ಆಸುಪಾಸು. ಮನೆ ಚರಂಡಿ ನೀರಿನಲ್ಲಿ ಅದು 200ರಿಂದ 300, ಅಷ್ಟೆ. ಈ ಬಗ್ಗಡ ಹಳ್ಳ ಸೇರಿದರೆ ನೀರಿನ ಆಮ್ಲಜನಕವೆಲ್ಲ ಖಾಲಿ, ಮೀನುಗಳು ಉಸಿರುಕಟ್ಟಿ ಸಾಯುತ್ತವೆ.

ಹೊಂಡದಲ್ಲಿ ಇದನ್ನು ತಿಂದು ಮುಗಿಸುವುದು ಗೋಬರ್ ಗ್ಯಾಸ್ ಗುಂಡಿಯಲ್ಲಿರುವಂಥವೇ ಸೂಕ್ಷ್ಮಜೀವಿಗಳು. ಶುರುವಿಗೆ ನಾವು ಸಗಣಿ ಹಾಕುವುದೂ ಉಂಟು. ಅವುಗಳಲ್ಲಿ ಎರಡು ಪಂಗಡ. ಒಂದು ಪಂಗಡ ಬಗ್ಗಡವನ್ನು ಆಮ್ಲ ಮಾಡುತ್ತದೆ, ಇದಕ್ಕೆ ಬಲು ಅವಸರ. ಇನ್ನೊಂದು ಆ ಆಮ್ಲವನ್ನು ಮೀಥೇನ್ ಗ್ಯಾಸ್ ಮಾಡುತ್ತದೆ. ಇದು ನಿಧಾನ, ನಾಜೂಕು, ಪಿಎಚ್ ಏಳರ ಹತ್ತಿರವೇ ಇರಬೇಕು. ಗೊನೆ ಬಂತೆಂದು ಬಗ್ಗಡವನ್ನು ಒಮ್ಮೆಲೇ ಸುರಿದರೆ ಆಮ್ಲ ಗುಡ್ಡೆ ಬೀಳುತ್ತದೆ, ನಿಧಾನದವು ಕೈಚೆಲ್ಲುತ್ತವೆ. ಆಗ ಎಲ್ಲರೂ ಸುಣ್ಣದ ಮೂಟೆ ಹುಡುಕುತ್ತಾರೆ. ಸುಣ್ಣ ಹುಳಿ ತಗ್ಗಿಸುತ್ತದೆ, ಸತ್ತ ಸೂಕ್ಷ್ಮಜೀವಿಗಳನ್ನು ತಂದುಕೊಡುವುದಿಲ್ಲ ಅಲ್ವಾ? ನಾನು ಮೊದಲು ಬಗ್ಗಡ ಬಿಡುವುದನ್ನೇ ನಿಲ್ಲಿಸುತ್ತೇನೆ. ಆಮೇಲೆ ಚೆನ್ನಾಗಿರುವ ಹೊಂಡದ ತಳದ ಹೂಳನ್ನು ಪಂಪ್ ಮಾಡಿ ತರಿಸುತ್ತೇನೆ. ಮತ್ತೆ ಸರಿಯಾಗಲು ವಾರಗಳೇ ಬೇಕು. ಗೊನೆ ಲಾರಿಗಳು ಅಷ್ಟು ದಿನ ಕಾಯುವುದಿಲ್ಲ. ನನಗೆ ಸಂಕಟವಾಗುವುದು ಅಲ್ಲೇ.

ಮಲೇಷ್ಯಾದಲ್ಲಿ 1978ರಲ್ಲಿ ತಾಳೆ ಮಿಲ್ಲು ಹೊರಬಿಡುವ ನೀರಿಗೆ ಬಿಒಡಿ ಮಿತಿ 5,000 ಇತ್ತು. ಅದನ್ನು ಹಂತಹಂತವಾಗಿ ಬಿಗಿ ಮಾಡಿ 1984ಕ್ಕೆ 100ಕ್ಕೆ ಇಳಿಸಿದರು. ಮಿಲ್ಲುಗಳಿಗೆ ಕಲಿಯಲು ಸಮಯವೂ ಸಿಕ್ಕಿತು, ತಪ್ಪಿಸಿಕೊಳ್ಳಲು ದಾರಿಯೂ ಇರಲಿಲ್ಲ. ನನಗೆ ಈ ಕ್ರಮ ತುಂಬಾ ಹಿಡಿಸುತ್ತದೆ.

ನಮ್ಮಲ್ಲಿ 2021ರಲ್ಲಿ ತಾಳೆ ಬೆಳೆ ಹೆಚ್ಚಿಸುವ ಕೇಂದ್ರದ ಯೋಜನೆ, ತಾಳೆ ಎಣ್ಣೆ ಮಿಷನ್, ಬಂದ ಮೇಲೆ ಕರ್ನಾಟಕವೂ ಸೇರಿ ಹಲವೆಡೆ ಸಸಿ ನೆಟ್ಟರು. ತಾಳೆ ಫಸಲಿಗೆ ಬರಲು ಸುಮಾರು ನಾಲ್ಕು ವರ್ಷ. ಅಂದರೆ ಗೊನೆ ಬರುವ ಕಾಲ ಇದೇ. ಹೊಸ ಮಿಲ್ಲಿನವರು ನಕ್ಷೆ ತಂದಾಗ ನಾನು ಮೊದಲು ನೋಡುವುದು ಡೈಜೆಸ್ಟರಿನ, ಅಂದರೆ ಬಗ್ಗಡ ಕೊಳೆಸುವ ಹೊಂಡ ಅಥವಾ ತೊಟ್ಟಿಯ, ಅಳತೆ. ಬಹಳಷ್ಟು ಸಲ ಅದು ವರ್ಷದ ಸರಾಸರಿಗೆ ಹಾಕಿದ ಲೆಕ್ಕವಾಗಿರುತ್ತದೆ. ಆಗಸ್ಟ್ ತಿಂಗಳ ಲೆಕ್ಕ ಹಾಕಿ, ಬಗ್ಗಡ ತಣಿದು ನಿಲ್ಲಲು ಮುಂದೊಂದು ದೊಡ್ಡ ತೊಟ್ಟಿ ಬಿಡಿ ಎಂದು ಹೇಳಿ ನಕ್ಷೆ ವಾಪಸ್ ಕೊಡುತ್ತೇನೆ.