ಒತ್ತುವ ಮುಂಚೆ ಲಿಂಕ್ ಓದಿ ನೋಡುವವರು

2009ರ ಜನವರಿ 31, ಶನಿವಾರ. ನಮ್ಮಲ್ಲಿ ರಾತ್ರಿ ಎಂಟರ ಹೊತ್ತು. ಗೂಗಲ್‌ನಲ್ಲಿ ಯಾರು ಏನು ಹುಡುಕಿದರೂ ಬಂದ ಪ್ರತಿಯೊಂದು ಫಲಿತಾಂಶದ ಕೆಳಗೂ ಒಂದೇ ಸಾಲು: ಈ ತಾಣ ನಿಮ್ಮ ಕಂಪ್ಯೂಟರ್‌ಗೆ ಹಾನಿ ಮಾಡಬಹುದು. ಪತ್ರಿಕೆಯ ತಾಣಕ್ಕೂ ಅದೇ ಎಚ್ಚರಿಕೆ, ವಿಶ್ವವಿದ್ಯಾಲಯದ ತಾಣಕ್ಕೂ ಅದೇ, ಗೂಗಲ್‌ನ ಸ್ವಂತ ಪುಟಗಳಿಗೂ ಅದೇ. ಹೆಚ್ಚುಕಡಿಮೆ ಒಂದು ಗಂಟೆ ಕಾಲ ಜಗತ್ತಿನ ಅಷ್ಟೂ ವೆಬ್‌ಸೈಟುಗಳು ಅಪಾಯಕಾರಿಯಾಗಿದ್ದವು.

ಕಾರಣ ಒಂದು ಗೆರೆ. ಅಪಾಯಕಾರಿ ತಾಣಗಳ ಪಟ್ಟಿಗೆ ಹೊಸ ಹೆಸರುಗಳನ್ನು ಸೇರಿಸುವಾಗ ಗೂಗಲ್‌ನ ಸಿಬ್ಬಂದಿಯ ಕೈತಪ್ಪಿನಿಂದ ಬರೀ ‘/’ ಎಂಬ ಚಿಹ್ನೆ ಒಂದು ವಿಳಾಸವಾಗಿ ಪಟ್ಟಿಯೊಳಗೆ ಹೋಗಿಬಿಟ್ಟಿತ್ತು. ಆ ಓರೆಗೆರೆ ಇಲ್ಲದ ವೆಬ್ ವಿಳಾಸವೇ ಇಲ್ಲ. ಹಾಗಾಗಿ ಎಲ್ಲವೂ ಪಟ್ಟಿಗೆ ಹೊಂದಿಕೊಂಡವು. ಕಂಪನಿಯ ಪರವಾಗಿ ಮರಿಸ್ಸಾ ಮೇಯರ್ ಅದೇ ದಿನ ತಪ್ಪೊಪ್ಪಿಕೊಂಡು ವಿವರಣೆ ಬರೆದರು.

ನಾವು ಒಂದು ಲಿಂಕ್ ಒತ್ತುವ ಮುಂಚೆ ಬೇರೆ ಯಾರೋ ಅದನ್ನು ಓದಿ, ಹೋಗಬಹುದು ಅಥವಾ ಬೇಡ ಎಂದು ತೀರ್ಮಾನಿಸಿರುತ್ತಾರೆ. ಈ ಸಂಗತಿ ಸಾಮಾನ್ಯ ಜನರ ಕಣ್ಣಿಗೆ ಬಿದ್ದದ್ದು ಬಹುಶಃ ಆ ರಾತ್ರಿಯೇ. ಕಾವಲುಗಾರ ಎಡವಿದಾಗಲೇ ಮನೆಗೊಬ್ಬ ಕಾವಲುಗಾರನಿದ್ದಾನೆ ಎಂದು ಗೊತ್ತಾಗುವುದು.

ಅವನ ಅಗತ್ಯ ಬಿದ್ದದ್ದು ಯಾಕೆ? ತೊಂಬತ್ತರ ದಶಕದಲ್ಲಿ ವೈರಸ್ ಬರುತ್ತಿದ್ದದ್ದು ಫ್ಲಾಪಿಯಲ್ಲಿ, ಆಮೇಲೆ ಇಮೇಲ್‌ಗೆ ಅಂಟಿಸಿದ ಫೈಲಿನಲ್ಲಿ. ‘ಗೊತ್ತಿಲ್ಲದ ಫೈಲ್ ತೆರೆಯಬೇಡಿ’ ಎಂದರೆ ಸಾಕಿತ್ತು. 2005ರ ಡಿಸೆಂಬರ್‌ನಲ್ಲಿ ವಿಂಡೋಸ್‌ನ ಡಬ್ಲ್ಯುಎಂಎಫ್ ಎಂಬ ಚಿತ್ರಗಳ ನಮೂನೆಯಲ್ಲಿ ದೋಷವೊಂದು ಬಯಲಾಯಿತು. ಏನನ್ನೂ ಡೌನ್‌ಲೋಡ್ ಮಾಡಬೇಕಿರಲಿಲ್ಲ, ಅಂಥ ಚಿತ್ರವಿರುವ ಪುಟವನ್ನು ನೋಡಿದರೇ ಕಂಪ್ಯೂಟರ್ ಕೈತಪ್ಪಬಹುದಿತ್ತು. ಹೋದವನಿಗೆ ಗೊತ್ತೇ ಆಗದಂತೆ ಒಳಗಿಳಿಯುವ ಈ ಬಗೆಯ ದಾಳಿಗೆ ‘ಡ್ರೈವ್-ಬೈ ಡೌನ್‌ಲೋಡ್’ ಎಂಬ ಹೆಸರು ಬಿತ್ತು.

‘ಕೆಟ್ಟ ತಾಣಗಳಿಗೆ ಹೋಗಬೇಡಿ’ ಎಂಬ ಬುದ್ಧಿಮಾತೂ ಹೆಚ್ಚು ದಿನ ಉಳಿಯಲಿಲ್ಲ. 2007ರ ಫೆಬ್ರುವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯಕ್ಕೆ ಮುನ್ನ, ಅದು ನಡೆಯಬೇಕಿದ್ದ ಮಯಾಮಿಯ ಕ್ರೀಡಾಂಗಣದ ತಾಣಕ್ಕೇ ಕಳ್ಳರು ನುಗ್ಗಿ ತಮ್ಮ ಪ್ರೋಗ್ರಾಂ ಸಾಲುಗಳನ್ನು ಸೇರಿಸಿದ್ದರು. ಅದೇ ವರ್ಷ ಆಗಸ್ಟ್ ಕೊನೆಗೆ ನಮ್ಮ ಬ್ಯಾಂಕ್ ಆಫ್ ಇಂಡಿಯಾದ ತಾಣಕ್ಕೂ ಇದೇ ಗತಿಯಾಯಿತು. ಪುಟದೊಳಗೆ ಕಣ್ಣಿಗೆ ಕಾಣದ ಪುಟ್ಟ ಚೌಕಟ್ಟೊಂದನ್ನು ಇಟ್ಟು, ಅದರ ಮೂಲಕ ಬೇರೆಲ್ಲಿಂದಲೋ ದುಷ್ಟ ತಂತ್ರಾಂಶಗಳನ್ನು ಗ್ರಾಹಕರ ಕಂಪ್ಯೂಟರಿಗೆ ಇಳಿಸಲಾಗುತ್ತಿತ್ತು. ಬ್ಯಾಂಕಿನ ಸರಿಯಾದ ವಿಳಾಸವನ್ನು ತಪ್ಪಿಲ್ಲದೆ ಟೈಪ್ ಮಾಡಿ ಹೋದವರಿಗೇ ಈ ಅಪಾಯ. ಅವರು ಇನ್ನೇನು ಎಚ್ಚರ ವಹಿಸಬೇಕಿತ್ತು?

ಅದೇ 2007ರಲ್ಲಿ ನೀಲ್ಸ್ ಪ್ರೊವೊಸ್ ಮತ್ತವರ ಗೂಗಲ್ ಸಹೋದ್ಯೋಗಿಗಳು ಒಂದು ಅಧ್ಯಯನ ಪ್ರಕಟಿಸಿದರು. ಅನುಮಾನಕ್ಕೆ ಎಡೆಯಿದ್ದ 45 ಲಕ್ಷ ವಿಳಾಸಗಳನ್ನು ಆರಿಸಿ ಆಳವಾಗಿ ಪರೀಕ್ಷಿಸಿದಾಗ, 4.5 ಲಕ್ಷ ಪುಟಗಳು ಡ್ರೈವ್-ಬೈ ದಾಳಿಯಲ್ಲಿ ತೊಡಗಿದ್ದವು. ಬರಿಗಣ್ಣಿಂದ ಆಗುವ ಕೆಲಸ ಇದಲ್ಲ ಎಂಬುದು ಆಗ ಸ್ಪಷ್ಟವಾಯಿತು.

ಅಷ್ಟರಲ್ಲಿ ಕೆಲವರು ಕೆಲಸ ಶುರು ಮಾಡಿಯೂ ಆಗಿತ್ತು. 2005ರಲ್ಲಿ ಅಮೆರಿಕದ ಎಂಐಟಿಯಲ್ಲಿ ಓದಿದ ಎಂಜಿನಿಯರುಗಳು ಕಟ್ಟಿದ ‘ಸೈಟ್‌ಅಡ್ವೈಸರ್’ ನನಗೆ ಬಹಳ ಇಷ್ಟವಾದ ಪ್ರಯತ್ನ. ಅವರ ಯಂತ್ರಗಳು ಒಂದೊಂದೇ ತಾಣಕ್ಕೆ ಹೋಗಿ ಅಲ್ಲಿದ್ದ ಪ್ರೋಗ್ರಾಂಗಳನ್ನು ಇಳಿಸಿಕೊಂಡು ಓಡಿಸಿ ನೋಡುತ್ತಿದ್ದವು. ಇಮೇಲ್ ಕೇಳುವ ತಾಣಕ್ಕೆ ಬೇರೆಲ್ಲೂ ಬಳಸದ ಹೊಸ ವಿಳಾಸ ಕೊಟ್ಟು ಕಾಯುತ್ತಿದ್ದವು. ಆ ವಿಳಾಸಕ್ಕೆ ಕಸದ ಮೇಲ್ ರಾಶಿ ಬಿದ್ದರೆ ವಿಳಾಸ ಮಾರಿದವರು ಯಾರೆಂದು ಲೆಕ್ಕ ಸಿಕ್ಕಿತು. ಫಲಿತಾಂಶವನ್ನು ಹುಡುಕಾಟದ ಪುಟದಲ್ಲಿ ಹಸಿರು, ಹಳದಿ, ಕೆಂಪು ಗುರುತಾಗಿ ತೋರಿಸುತ್ತಿದ್ದರು. 2006ರಲ್ಲಿ ಆ್ಯಂಟಿವೈರಸ್ ತಯಾರಿಸುವ ಮೆಕಾಫಿ ಆ ಕಂಪನಿಯನ್ನು ಕೊಂಡಿತು. ಈ ವಿಧಾನಕ್ಕಿದ್ದ ಕೊರತೆ ಒಂದೇ: ಯಂತ್ರ ಹೋಗಿ ನೋಡಿದ್ದು ಯಾವತ್ತೋ, ನೀವು ಹೋಗುತ್ತಿರುವುದು ಇವತ್ತು. ಬ್ಯಾಂಕ್ ಆಫ್ ಇಂಡಿಯಾದಂಥ ಪ್ರಕರಣದಲ್ಲಿ ನಿನ್ನೆಯ ಹಸಿರು ಗುರುತು ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ಹಾಗಾದರೆ ಒತ್ತುವ ಹೊತ್ತಿಗೇ ಹೋಗಿ ನೋಡಿಬಂದರೆ? ‘ಲಿಂಕ್‌ಸ್ಕ್ಯಾನರ್’ ಹುಟ್ಟಿದ್ದು ಈ ಪ್ರಶ್ನೆಯಿಂದ. ಎಕ್ಸ್‌ಪ್ಲಾಯಿಟ್ ಪ್ರಿವೆನ್ಷನ್ ಲ್ಯಾಬ್ಸ್ ಎಂಬ ಸಂಸ್ಥೆ ರೂಪಿಸಿದ್ದ ಇದನ್ನು 2007ರ ಕೊನೆಯಲ್ಲಿ ಜೆಕ್ ಮೂಲದ ಗ್ರಿಸಾಫ್ಟ್ ಕೊಂಡುಕೊಂಡಿತು. ಗ್ರಿಸಾಫ್ಟ್ ಎಂದರೆ ಗೊತ್ತಾಗದಿದ್ದರೂ ಅದರ ಎವಿಜಿ ಆ್ಯಂಟಿವೈರಸ್ ಎಂದರೆ ಗೊತ್ತಾಗುತ್ತದೆ. ದುಡ್ಡು ಕೊಡದೆ ಸಿಗುತ್ತಿದ್ದ ಎವಿಜಿ ಆ ಕಾಲದಲ್ಲಿ ನಮ್ಮ ಊರುಗಳ ಮನೆ ಕಂಪ್ಯೂಟರುಗಳಲ್ಲೂ ಇರುತ್ತಿತ್ತು. 2008ರಲ್ಲಿ ಬಂದ ಅದರ 8ನೇ ಆವೃತ್ತಿಯಲ್ಲಿ ಲಿಂಕ್‌ಸ್ಕ್ಯಾನರ್ ಸೇರಿಕೊಂಡಿತು.

ನೀವು ಏನಾದರೂ ಹುಡುಕಿ ಹತ್ತು ಫಲಿತಾಂಶ ಬಂದರೆ, ನೀವು ಒಂದನ್ನೂ ಮುಟ್ಟುವ ಮೊದಲೇ ಲಿಂಕ್‌ಸ್ಕ್ಯಾನರ್ ಆ ಹತ್ತೂ ತಾಣಗಳಿಗೆ ಹೋಗಿ ಪುಟಗಳನ್ನು ತರಿಸಿ, ಒಳಗೆ ದಾಳಿಯ ಕುರುಹು ಇದೆಯೇ ಎಂದು ನೋಡಿ, ಸರಿಯಿದ್ದರೆ ಪಕ್ಕದಲ್ಲಿ ಹಸಿರು ಗುರುತು ಹಾಕುತ್ತಿತ್ತು. ಯೋಚನೆ ಅಚ್ಚುಕಟ್ಟಾಗಿತ್ತು. ಆದರೆ ಕೋಟ್ಯಂತರ ಬಳಕೆದಾರರ ಪರವಾಗಿ ಹೀಗೆ ಮಾಡಿದಾಗ ಆದದ್ದೇ ಬೇರೆ. 2008ರ ಜೂನ್ ಹೊತ್ತಿಗೆ ವೆಬ್‌ಸೈಟ್ ನಡೆಸುವವರು ಕಂಗಾಲಾದರು. ಭೇಟಿಗಳ ಲೆಕ್ಕ ಇದ್ದಕ್ಕಿದ್ದಂತೆ ಏರಿತ್ತು, ಬಂದವರಲ್ಲಿ ಓದುಗರು ಮಾತ್ರ ಹೆಚ್ಚಾಗಿರಲಿಲ್ಲ. ಸರ್ವರಿನಿಂದ ಹೊರಟ ಪ್ರತಿ ಪುಟಕ್ಕೂ ಬಾಡಿಗೆ ಕಟ್ಟುವ ಸಣ್ಣ ತಾಣಗಳಿಗೆ ಇದು ನೇರ ನಷ್ಟ. ಬಳಕೆದಾರರಿಗೂ ಖರ್ಚೇ. ತಿಂಗಳಿಗೆ ಇಷ್ಟೇ ಎಂಬಿ ಎಂದು ಅಳೆದು ಕೊಡುತ್ತಿದ್ದ ಬ್ರಾಡ್‌ಬ್ಯಾಂಡ್ ಕಾಲ ಅದು. ತೆರೆಯದ ಪುಟಗಳೂ ನಮ್ಮ ಮೀಟರಿನಲ್ಲೇ ಓಡುತ್ತಿದ್ದವು.

ಈ ಭೇಟಿಗಳು ಯಂತ್ರದವು ಎಂದು ತಾಣದವರಿಗೆ ಗುರುತು ಸಿಗದಿರಲಿ ಎಂದು ಎವಿಜಿ ತನ್ನನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಎಂಬ ಬ್ರೌಸರ್ ಎಂದು ಪರಿಚಯಿಸಿಕೊಳ್ಳುತ್ತಿತ್ತು. ಇದು ಮೋಸವೇ ಎಂದು ಅನೇಕರು ರೇಗಿದರು. ನನಗೆ ಕಂಪನಿಯ ಇಕ್ಕಟ್ಟೂ ಅರ್ಥವಾಗುತ್ತದೆ. ‘ನಾನು ಪರೀಕ್ಷಕ’ ಎಂದು ಹೇಳಿಕೊಂಡು ಹೋದರೆ ಕಳ್ಳ ತಾಣ ಒಳ್ಳೆಯ ಪುಟವನ್ನು ಮುಂದಿಟ್ಟು ಕಳಿಸುತ್ತದೆ. ಹೋಟೆಲಿಗೆ ಆಹಾರ ಇಲಾಖೆಯವರು ಬರುತ್ತಾರೆಂದು ಮೊದಲೇ ತಿಳಿದರೆ ಅಡುಗೆಮನೆ ಹೇಗಿರುತ್ತದೆ, ಯೋಚಿಸಿ. ಆದರೆ ವೇಷದಲ್ಲೂ ಒಂದು ಎಳೆ ಹೊರಗುಳಿದಿತ್ತು. ಪರಿಚಯದ ಸಾಲಿನ ಕೊನೆಗೆ 1813 ಎಂಬ ಅಂಕಿ ಇರುತ್ತಿತ್ತು, ಅದನ್ನು ಹಿಡಿದು ತಾಣದವರು ಈ ಭೇಟಿಗಳನ್ನು ಸೋಸತೊಡಗಿದರು. ಅವರಿಗೆ ಸಿಕ್ಕ ಎಳೆ ಕಳ್ಳರಿಗೆ ಸಿಗದೆ ಇರುತ್ತದೆಯೇ? ಜುಲೈನಲ್ಲಿ ಎವಿಜಿ ಹಿಂದೆ ಸರಿಯಿತು. ಹುಡುಕಾಟದ ಫಲಿತಾಂಶಗಳನ್ನು ಕೆಟ್ಟ ತಾಣಗಳ ಪಟ್ಟಿಯೊಂದಿಗೆ ಹೋಲಿಸುವುದು, ನಿಜವಾದ ತಪಾಸಣೆಯನ್ನು ಬಳಕೆದಾರ ಒತ್ತಿದ ಲಿಂಕ್‌ಗೆ ಮಾತ್ರ ಮಾಡುವುದು ಎಂದಾಯಿತು.

ಕೊನೆಗೆ ಉಳಿದದ್ದು ಪಟ್ಟಿಯ ದಾರಿಯೇ. 2006ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ 2ನೇ ಆವೃತ್ತಿಯಲ್ಲಿ ನಕಲಿ ತಾಣಗಳ ಪಟ್ಟಿ ಬಂತು, 2008ರ ಫೈರ್‌ಫಾಕ್ಸ್ 3ರಲ್ಲಿ ದುಷ್ಟ ತಂತ್ರಾಂಶದ ತಾಣಗಳೂ ಸೇರಿದವು, ಅದೇ ವರ್ಷ ಹುಟ್ಟಿದ ಕ್ರೋಮ್‌ಗೆ ಇದು ಹುಟ್ಟಿನಿಂದಲೇ ಬಂದದ್ದು. ಇದರ ಹಿಂದಿನ ಗೂಗಲ್‌ನ ‘ಸೇಫ್ ಬ್ರೌಸಿಂಗ್’ ಪಟ್ಟಿಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ಪ್ರತಿ ವಿಳಾಸವನ್ನು ಗಣಿತದ ಸೂತ್ರದಲ್ಲಿ ಹಾಯಿಸಿ 256 ಬಿಟ್‌ಗಳ ಒಂದು ಸಂಖ್ಯೆ ಮಾಡುತ್ತಾರೆ. ಅದರ ಮೊದಲ 32 ಬಿಟ್‌ಗಳು ಮಾತ್ರ ನಿಮ್ಮ ಬ್ರೌಸರಿಗೆ ಬಂದು ಕೂತಿರುತ್ತವೆ. ನೀವು ಹೊರಟ ವಿಳಾಸದ ತುಣುಕು ಇದರಲ್ಲಿ ಇಲ್ಲವಾದರೆ ವಿಷಯ ಅಲ್ಲಿಗೇ ಮುಗಿಯಿತು, ಗೂಗಲ್‌ಗೆ ಸುದ್ದಿಯೇ ಹೋಗುವುದಿಲ್ಲ. ಹೊಂದಿಕೆಯಾದರೆ ಮಾತ್ರ ಆ ತುಣುಕನ್ನು ಕಳಿಸಿ, ಅದರಿಂದ ಶುರುವಾಗುವ ಪೂರ್ತಿ ಸಂಖ್ಯೆಗಳನ್ನು ತರಿಸಿಕೊಂಡು ಬ್ರೌಸರ್ ತಾನೇ ಹೋಲಿಸುತ್ತದೆ. ಗಾಡಿಯ ನಂಬರಿನಲ್ಲಿ ಕೆಎ-09 ಅಷ್ಟನ್ನೇ ಹೇಳಿ, ಅಂಥ ಕದ್ದ ಗಾಡಿಗಳ ಪಟ್ಟಿ ಕೊಡಿ ಎಂದು ಠಾಣೆಯಲ್ಲಿ ಕೇಳಿದ ಹಾಗೆ. ನಿಮ್ಮ ಮನಸ್ಸಿನಲ್ಲಿರುವ ಗಾಡಿ ಯಾವುದೆಂದು ಠಾಣೆಯವರಿಗೆ ತಿಳಿಯದು.

ಇಷ್ಟು ನಾಜೂಕು ಯಾಕೆ ಬೇಕು ಎನ್ನುವವರು ಇನ್ನೆರಡು ಪ್ರಕರಣ ನೋಡಬೇಕು. ‘ವೆಬ್ ಆಫ್ ಟ್ರಸ್ಟ್’ ಎಂಬ ಫಿನ್ಲೆಂಡ್ ಮೂಲದ, ಬ್ರೌಸರಿಗೆ ಸೇರಿಸಿಕೊಳ್ಳುವ ಆ್ಯಡ್-ಆನ್ ಬಳಕೆದಾರರ ಮತಗಳನ್ನು ಕೂಡಿಸಿ ತಾಣಗಳ ಪಕ್ಕ ಬಣ್ಣದ ಉಂಗುರ ತೋರಿಸುತ್ತಿತ್ತು. ಅದು ಕಲೆಹಾಕಿದ ಭೇಟಿಗಳ ವಿವರ ಮಾರಾಟವಾಗಿದೆ, ಅದರಿಂದ ಯಾರು ಯಾರೆಂದು ಗುರುತಿಸಲೂಬಹುದು ಎಂದು 2016ರ ನವೆಂಬರ್‌ನಲ್ಲಿ ಜರ್ಮನಿಯ ಎನ್‌ಡಿಆರ್ ವಾಹಿನಿ ಬಯಲು ಮಾಡಿತು. ಆಗ ಅದು ಫೈರ್‌ಫಾಕ್ಸ್ ಮತ್ತು ಕ್ರೋಮ್ ಮಳಿಗೆಗಳಿಂದ ಹೊರಬಿತ್ತು. ಮುಂದೆ, ಎವಿಜಿಯನ್ನು ಕೊಂಡಿದ್ದ ಅವಾಸ್ಟ್ ಎಂಬ ಆ್ಯಂಟಿವೈರಸ್ ಕಂಪನಿ ಕೂಡ ತನ್ನ ಬಳಕೆದಾರರು ಎಲ್ಲೆಲ್ಲಿ ಹೋದರೆಂಬ ದಾಖಲೆಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತೆಂದು 2020ರ ಜನವರಿಯಲ್ಲಿ ಪತ್ರಕರ್ತರು ತೋರಿಸಿಕೊಟ್ಟರು. ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಬಾಗಿಲು ಕಾಯಲೆಂದು ಇಟ್ಟುಕೊಂಡವನೇ ಮನೆಯವರ ಓಡಾಟದ ಡೈರಿ ಮಾರಿದ್ದು ನನಗೆ ವೈರಸ್‌ಗಿಂತ ಹೆಚ್ಚು ನೋವಿನ ಸಂಗತಿ.

ನಮ್ಮ ಮನೆಗಳಲ್ಲಿ ಈ ಕಾವಲನ್ನು ಪೂರ್ತಿ ನಂಬಲೇಬೇಕಾದವರಿದ್ದಾರೆ. ನನ್ನ ಸೋದರತ್ತೆ ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡಿದ್ದಾರೆ, ಎಚ್ಚರಿಕೆಗಳೂ ಕನ್ನಡದಲ್ಲೇ ಬರುತ್ತವೆ. ಆದರೆ ಅವರಿಗೆ ಬರುವ ಲಿಂಕ್‌ಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ. ‘ವಿಳಾಸ ಸರಿಯಾಗಿ ನೋಡಿಕೊಂಡು ಒತ್ತಿ’ ಎಂದು ನಾವು ಹೇಳಿದರೆ, ನೋಡಲು ಅವರಿಗೆ ಅಲ್ಲಿ ಏನೂ ಇಲ್ಲ. ಅವರ ಪರವಾಗಿ ಓದುವುದು ಆ ಸಾಫ್ಟ್‌ವೇರ್ ಮಾತ್ರ. ಅದು ಪ್ರಾಮಾಣಿಕವಾಗಿರಬೇಕು ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಈಚೆಗೆ ಕಳ್ಳ ತಾಣಗಳ ಆಯುಷ್ಯವೂ ಕುಗ್ಗಿದೆ. ಸರಾಸರಿ ಹತ್ತು ನಿಮಿಷವೂ ಇರುವುದಿಲ್ಲ ಎಂದು 2024ರ ಮಾರ್ಚ್‌ನಲ್ಲಿ ಗೂಗಲ್ ಹೇಳಿತು. ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ತರಿಸುವ ಪಟ್ಟಿ ತಲುಪುವಷ್ಟರಲ್ಲಿ ಅವರ ಕೆಲಸ ಮುಗಿದಿರುತ್ತದೆ. ಹಾಗಾಗಿ ಕ್ರೋಮ್ ಈಗ ಆ ಕ್ಷಣವೇ ಸರ್ವರನ್ನು ಕೇಳುತ್ತದೆ. ಪ್ರಶ್ನೆ ಮೊಹರು ಹಾಕಿದ ಲಕೋಟೆಯಲ್ಲಿ ಬೇರೊಂದು ಕಂಪನಿಯ ಮೂಲಕ ಹೋಗುತ್ತದೆ. ತಲುಪಿಸುವವರಿಗೆ ಕಳಿಸಿದ್ದು ಯಾರೆಂದು ಗೊತ್ತು, ಒಳಗಿರುವುದು ಗೊತ್ತಿಲ್ಲ. ಒಡೆಯುವ ಗೂಗಲ್‌ಗೆ ಒಳಗಿರುವುದು ಗೊತ್ತು, ಕಳಿಸಿದ್ದು ಯಾರೆಂದು ಗೊತ್ತಿಲ್ಲ.

ಆದರೆ ನಮ್ಮ ಫೋನುಗಳಿಗೆ ಬರುವ ದೊಡ್ಡ ಕಾಟ ಈಗ ಲಿಂಕ್ ಕೂಡ ಅಲ್ಲ. ಸಂಚಾರ ದಂಡದ ಚಲನ್, ಮದುವೆಯ ಆಮಂತ್ರಣ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ನಲ್ಲಿ ನೇರವಾಗಿ ಬರುವ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿನಲ್ಲಿ ಆ್ಯಪ್ ಅಳವಡಿಸುವ ಫೈಲ್. ತೆರೆಯಲು ತಾಣವೇ ಇಲ್ಲದಾಗ ತಾಣಗಳ ಪಟ್ಟಿ ಏನು ಮಾಡೀತು?

ಕೆಟ್ಟವರ ಪಟ್ಟಿಯನ್ನು ಬಿಟ್ಟು ಒಳ್ಳೆಯವರ ಪಟ್ಟಿ ಮಾಡುವ ಯೋಚನೆ ನಮ್ಮಲ್ಲಿ ಶುರುವಾಗಿರುವುದು ಇದೇ ಹಿನ್ನೆಲೆಯಲ್ಲಿ. ಮೊದಲೇ ನೋಂದಾಯಿಸದ ಲಿಂಕ್ ಅಥವಾ ಎಪಿಕೆ ಇರುವ ವಾಣಿಜ್ಯ ಎಸ್ಸೆಮ್ಮೆಸ್‌ಗಳನ್ನು ದೂರಸಂಪರ್ಕ ಕಂಪನಿಗಳು ತಡೆಯಬೇಕು ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಆದೇಶ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಲು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಇವು ವಾಟ್ಸ್ಆ್ಯಪ್‌ನ ಎಪಿಕೆಯನ್ನು ತಡೆಯುವುದಿಲ್ಲ, ನಿಜ. ಆದರೂ ಸೋದರತ್ತೆಗೆ ಹೇಳಿಕೊಡಲು ನನಗೀಗ ಒಂದು ದಾರಿ ಸಿಕ್ಕಿದೆ. ವಿಳಾಸ ಪೂರ್ತಿ ಓದಲು ಬಾರದಿದ್ದರೂ ಪರವಾಗಿಲ್ಲ, ಶುರುವಿನ ಜೋಡಿ ಓರೆಗೆರೆ ಬಿಟ್ಟು ಆಮೇಲಿನ ಮೊದಲ ಓರೆಗೆರೆ ಎಲ್ಲಿದೆ ನೋಡಿ, ಅದಕ್ಕಿಂತ ಹಿಂದಿನ ಆರು ಅಕ್ಷರ ಮತ್ತು ಎರಡು ಚುಕ್ಕಿಗಳ ಆಕಾರ ಹೀಗಿರಬೇಕು ಎಂದು ಒಂದು ಚೀಟಿಯಲ್ಲಿ ದಪ್ಪಗೆ ಬರೆದು ಅವರ ಪಾಸ್‌ಬುಕ್ಕಿನೊಳಗೆ ಇಟ್ಟಿದ್ದೇನೆ.