ಚುಕ್ಕೆ ಮರಗಪ್ಪೆಯ ಹೊಳಪು: ಬೆಳಕು ಎಲ್ಲಿಂದ ಬರುತ್ತದೆ?

ಬೋಆನಾ ಪಂಕ್ಟಾಟಾ. ಹಳೆಯ ಪುಸ್ತಕಗಳಲ್ಲಿ ಹಿಪ್ಸಿಬೋಆಸ್ ಪಂಕ್ಟಾಟಸ್ ಅಂತ ಸಿಕ್ಕರೆ ಅದೂ ಇದೇ ಕಪ್ಪೆ. ಅಮೆಜಾನ್ ಕಾಡುಗಳಿಂದ ಅರ್ಜೆಂಟೀನಾದವರೆಗೆ ಹರಡಿದೆ. ಮೂರ್ನಾಲ್ಕು ಸೆಂಟಿಮೀಟರ್ ಉದ್ದ, ಅರೆಪಾರದರ್ಶಕ ಚರ್ಮ, ಮೈಮೇಲೆ ಚುಕ್ಕೆ.

2017ರಲ್ಲಿ ವಿಜ್ಞಾನಿ ಕಾರ್ಲೋಸ್ ಟಬೋವಾಡಾ ಮತ್ತು ಸಂಗಡಿಗರು ಇದರ ಪ್ರತಿದೀಪ್ತಿಯನ್ನು, ಅಂದರೆ ಬಿದ್ದ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಬಿಡುವ ಗುಣವನ್ನು, ವರದಿ ಮಾಡಿದರು. ಅವರು ನಿರೀಕ್ಷಿಸಿದ್ದು ಮಂದ ಕೆಂಪು, ಕಂಡದ್ದು ಪ್ರಖರ ನೀಲಿ-ಹಸಿರು!

ಇಲ್ಲಿ ನಿಧಾನವಾಗಿ ಓದಿ, ಎಡವುವುದು ಇಲ್ಲೇ. ಮಿಂಚುಹುಳು ರಾಸಾಯನಿಕ ಕ್ರಿಯೆಯಿಂದ ತಾನೇ ಬೆಳಕು ಹುಟ್ಟಿಸುತ್ತದೆ. ಈ ಕಪ್ಪೆ ಹುಟ್ಟಿಸುವುದಿಲ್ಲ. ಪೂರ್ತಿ ಕತ್ತಲೆಯಲ್ಲಿಟ್ಟರೆ ಏನೂ ಕಾಣದು. ಹೊರಗಿನ ಬೆಳಕು ಬೀಳಲೇಬೇಕು. ದುಗ್ಧರಸ (ಲಿಂಫ್ ಎಂಬ ದೇಹದ್ರವ) ಮತ್ತು ಚರ್ಮದ ಗ್ರಂಥಿಗಳಲ್ಲಿರುವ ಹೈಲೋಯಿನ್ ಎಂಬ ಅಣುಗಳು 390–430 ನ್ಯಾನೋಮೀಟರ್ ತರಂಗಾಂತರದ (ಅಲೆಯ ಉದ್ದದ) ನೇರಳೆ ಬೆಳಕನ್ನು ಹೀರಿ, 450–470ರ ನೀಲಿ-ಹಸಿರನ್ನು ಹೊರಬಿಡುತ್ತವೆ. ಸಂಖ್ಯೆ ದೊಡ್ಡದಾಯಿತು ಅಂದಮಾತ್ರಕ್ಕೆ ಶಕ್ತಿ ಹೆಚ್ಚಿತು ಅಂದುಕೊಳ್ಳಬೇಡಿ. ತರಂಗಾಂತರ ಹೆಚ್ಚಿದಷ್ಟೂ ಶಕ್ತಿ ಕಡಿಮೆ. ಹೀರಿದ ಶಕ್ತಿಯಲ್ಲಿ ಒಂದಿಷ್ಟು ಅಣುವಿನ ಕಂಪನದಲ್ಲೇ ಶಾಖವಾಗಿ ಕಳೆದುಹೋಗುತ್ತದೆ, ಮಿಕ್ಕಿದ್ದಷ್ಟೇ ಬೆಳಕಾಗಿ ವಾಪಸು ಬರುತ್ತದೆ. ಡಿಟರ್ಜೆಂಟಿನಲ್ಲಿ ಒಗೆದ ಬಿಳಿ ಅಂಗಿ ಬಿಸಿಲಿಗೆ ನೀಲಿಛಾಯೆಯಲ್ಲಿ ಹೊಳೆಯುವುದೂ ಹೀಗೇ. ನೆನಪಿಡಲು ನನಗೆ ಇಷ್ಟು ಸಾಕು: ಒಳಗೆ ಹೋಗುವುದು ಚಿಕ್ಕ ಅಲೆ, ಹೊರಬರುವುದು ದೊಡ್ಡ ಅಲೆ.

ಇದರಿಂದ ಕಪ್ಪೆಗೇನು ಲಾಭ? ಸೂರ್ಯ ಮುಳುಗಿದ ಮೇಲೆ ಉಳಿಯುವ ಬೆಳಕಿನಲ್ಲಿ ನೀಲಿ-ನೇರಳೆಯ ಪಾಲು ಹೆಚ್ಚು. ಮುಸ್ಸಂಜೆಯಲ್ಲಿ, ಬೆಳದಿಂಗಳಲ್ಲಿ ಕಪ್ಪೆಯ ಮೈಯಿಂದ ಹೊರಡುವ ಒಟ್ಟು ಬೆಳಕಿನಲ್ಲಿ ಶೇ. 18ರಿಂದ 30ರಷ್ಟು ಈ ಪ್ರತಿದೀಪ್ತಿಯದೇ ಎಂದು ಆ ತಂಡ ಲೆಕ್ಕ ಹಾಕಿತು. ಉಭಯವಾಸಿಗಳ ಇರುಳ ನೋಟ ಚುರುಕಾಗಿರುವುದೂ ನೀಲಿ-ಹಸಿರಿಗೇ. ಹಾಗಾಗಿ ಒಂದಕ್ಕೊಂದು ಕಾಣಿಸಿಕೊಳ್ಳಲು ಇದು ನೆರವಾಗಬಹುದು. ಇದು ಊಹೆ, ಪರೀಕ್ಷೆಯಲ್ಲಿ ‘ಸಾಬೀತಾಗಿದೆ’ ಅಂತ ಬರೆಯಬೇಡಿ.

ಹಗಲಿನ ತಿಳಿಹಸಿರು ಬೇರೆ ವಿಷಯ, ಇದರ ಜೊತೆ ಬೆರೆಸಬಾರದು. ಅದಕ್ಕೆ ಕಾರಣ ಬಿಲಿವರ್ಡಿನ್, ನಮಗೆ ಪೆಟ್ಟು ಬಿದ್ದ ಜಾಗ ಹಸಿರುಗಟ್ಟಿಸುವ ಅದೇ ವಸ್ತು. 2020ರ ಅಧ್ಯಯನದ ಪ್ರಕಾರ ಸರ್ಪಿನ್ ಕುಟುಂಬದ ಒಂದು ಪ್ರೋಟೀನ್ ಅದನ್ನು ಹಿಡಿದಿಟ್ಟುಕೊಂಡು, ಅದು ಹೀರುವ ಬಣ್ಣವನ್ನೇ ಬದಲಿಸಿ, ಎಲೆಯ ಹಸಿರಿಗೆ ಹೊಂದಿಸುತ್ತದೆ.